ನಮ್ಮ ಗಲ್ಲಿ ಮುಚ್ಚುತ್ತಾರಂತೆ

ಗೋರೆಗಾಂವ್ ಪಶ್ಚಿಮದಲ್ಲಿರುವ ನಮ್ಮ ಗಲ್ಲಿಗೆ ಹೆಸರಿಲ್ಲ. ‘ಶೆಟ್ರ ಹೋಟೆಲ್ ಪಕ್ಕದ ಗಲ್ಲಿ’ ಅಂದರೆ ರಿಕ್ಷಾದವರಿಗೆ ಗೊತ್ತಾಗುತ್ತದೆ. ಒಂದು ತುದಿಗೆ ದೊಡ್ಡ ರಸ್ತೆ, ಇನ್ನೊಂದು ತುದಿಗೆ ತರಕಾರಿ ಮಾರ್ಕೆಟ್, ನಡುವೆ ಒಂದಷ್ಟು ಹಳೇ ಬಿಲ್ಡಿಂಗುಗಳು. 2023ರ ದಸರೆ ಮುಗಿದ ಮೇಲೆ ಅಲ್ಲಿನ ಲೈಟ್ ಕಂಬಕ್ಕೆ ಒಂದು ಮರಾಠಿ ನೋಟಿಸು ಅಂಟಿಸಿದ್ದರು. ಇಂತಿಂಥ ಸಿಟಿಎಸ್ ನಂಬರುಗಳ (ಸಿಟಿ ಸರ್ವೆಯವರು ಪ್ರತಿ ಜಾಗಕ್ಕೂ ಕೊಟ್ಟ ನಂಬರು) ನಡುವಿನ, 6.10 ಮೀಟರ್ ಅಗಲದ ರಸ್ತೆಯನ್ನು ಕಾಯಮ್ಮಾಗಿ ಮುಚ್ಚಬೇಕೆಂದು ಅರ್ಜಿ ಬಂದಿದೆ, ತಕರಾರು ಇದ್ದವರು ಒಂದು ತಿಂಗಳೊಳಗೆ ಬರೆದುಕೊಡಿ ಅಂತ.

ಹೋಗುತ್ತಾ ಬರುತ್ತಾ ಎಲ್ಲರೂ ಓದಿದರು. ಅದು ನಾವು ನಿಂತಿರುವ ಗಲ್ಲಿಯ ಮಾತೇ ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಸಿಟಿಎಸ್ ನಂಬರನ್ನು ಯಾರು ಬಾಯಿಪಾಠ ಮಾಡಿಕೊಂಡಿರುತ್ತಾರೆ? ನೋಟಿಸನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಕಣ್ಣೆದುರೇ ಇತ್ತು. ಆದರೆ ಅರ್ಜಿ ಹಾಕಿದವರಿಗಷ್ಟೇ ಅರ್ಥವಾಗುವ ಹಾಗಿತ್ತು.

ಈ ಒಗಟು ಬಿಡಿಸಿದ್ದು ನಮ್ಮ ಮೂರನೇ ಮಹಡಿಯ ಕಾಕಾ. ಡ್ರಾಫ್ಟ್ಸ್‌ಮನ್ ಆಗಿ ರಿಟೈರ್ ಆದವರು. 6.10 ಮೀಟರ್ ಅಂದರೆ 20 ಅಡಿ, ಅವರಿಗೆ ಅಷ್ಟೇ ಸಾಕಾಯಿತು. ಮುಂಬೈಯ ರಸ್ತೆ ಅಳತೆಗಳೆಲ್ಲ ಹೀಗೆ ವಿಚಿತ್ರವಾಗಿರುವುದು ಹಳೇ ಅಡಿ ಲೆಕ್ಕದಿಂದಲೇ ಅಂತೆ. 9.15 ಅಂದರೆ 30 ಅಡಿ, 12.20 ಅಂದರೆ 40, 18.30 ಅಂದರೆ 60. ಟೇಪ್ ತಂದು ನನ್ನ ಕೈಗೆ ಒಂದು ತುದಿ ಕೊಟ್ಟರು. ಹೋಟೆಲಿನ ಗೋಡೆಯಿಂದ ನಮ್ಮ ಕಾಂಪೌಂಡಿಗೆ ಹಿಡಿದು ನೋಡಿದೆವು. 20 ಅಡಿಗೆ ಒಂದು ಗೇಣೂ ಹೆಚ್ಚಿಲ್ಲ.

ಗಲ್ಲಾಪೆಟ್ಟಿಗೆ ಹತ್ತಿರ ಕೂತಿದ್ದ ಶೆಟ್ರು ಇದನ್ನೆಲ್ಲ ನೋಡಿ ಹೊರಗೆ ಬಂದರು. “ಎಂತ ಮೇಡಂ, ಹೋಟೆಲ್ ಕಟ್ ಆಗ್ತದಾ?” ಅಂದರು. ವಿಷಯ ಹೇಳಿದೆ. “ರಸ್ತೆ ಬೇಡ ಅಂತ ಅರ್ಜಿ ಹಾಕ್ಲಿಕ್ಕೂ ಉಂಟಾ ಮಾರಾಯ್ರೆ? ಬೇಕು ಅಂತ ಹಾಕಿದ್ದು ಮಾತ್ರ ನೋಡಿದ್ದೇನೆ.”

ನಮ್ಮೆಲ್ಲರ ತಲೆ ಕೆಡಿಸಿದ್ದೂ ಅದೇ. ಯಾರಿಗೆ ಬೇಡ? ಯಾಕೆ ಬೇಡ? ಸಂಜೆ ಗೇಟಿನ ಹತ್ತಿರ ತಲೆಗೊಂದು ಊಹೆ. ಲಿಂಕ್ ರೋಡಿನ ಮೇಲೆ ಮೆಟ್ರೊ 2ಎ ನಮ್ಮ ಗೋರೆಗಾಂವ್ ತನಕ ಬಂದು ವರ್ಷವೂ ಆಗಿರಲಿಲ್ಲ, ಇನ್ನೊಂದು ಲೈನ್ ಬರುತ್ತಿರಬೇಕು ಅಂದರು ಒಬ್ಬರು. ಪೇ ಅಂಡ್ ಪಾರ್ಕ್ ಮಾಡ್ತಾರೆ ಅಂದರು ಇನ್ನೊಬ್ಬರು. ಮೀನು ಮಾರುವವರನ್ನು ಓಡಿಸುವುದಕ್ಕೇ ಇದೆಲ್ಲ ಅಂತ ಒಬ್ಬರು ಆಣೆ ಮಾಡಿ ಹೇಳಿದರು. ನಗರಸೇವಕರನ್ನು, ಅಂದರೆ ಕಾರ್ಪೊರೇಟರನ್ನು, ಕೇಳೋಣವೆಂದರೆ ಇಡೀ ಮುಂಬೈಗೆ ಒಬ್ಬರೂ ಇರಲಿಲ್ಲ! 2022ರ ಮಾರ್ಚ್ 7ಕ್ಕೆ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಕೈಗೆ ಹೋಗಿತ್ತು, ಚುನಾವಣೆಯ ಸುದ್ದಿಯೇ ಇರಲಿಲ್ಲ.

ಹಾಗಾಗಿ ಕಾಕಾ ಮತ್ತು ನಾನು ವಾರ್ಡ್ ಆಫೀಸಿಗೆ ಹೋದೆವು. ಅಲ್ಲಿನ ಎಂಜಿನಿಯರ್ ಸಮಾಧಾನದಿಂದಲೇ ಮಾತಾಡಿದರು. 1888ರ ಮುಂಬೈ ಮಹಾನಗರಪಾಲಿಕೆ ಕಾಯ್ದೆಯಲ್ಲೇ ಸಾರ್ವಜನಿಕ ರಸ್ತೆಯನ್ನು ಮುಚ್ಚಲು ಅವಕಾಶವಿದೆಯಂತೆ. ಆದರೆ ನೋಟಿಸ್ ಹಾಕಬೇಕು, ಜನರ ತಕರಾರು ಕೇಳಬೇಕು, ಆಮೇಲೆ ಮಂಜೂರಿ. “ಮೊದಲು ಇದು ಸಾರ್ವಜನಿಕ ರಸ್ತೆಯೋ ಅಲ್ಲವೋ ನೋಡಬೇಕು” ಅಂದರು. ಇದೇನು ಹೊಸದು? ದಿನಾ ಕಸ ಗುಡಿಸುವವರು ಪಾಲಿಕೆಯವರು, ಗಟಾರ ಅವರದು.

2034ರವರೆಗಿನ ಡಿಪಿ, ಅಂದರೆ ನಗರದ ಅಭಿವೃದ್ಧಿ ಯೋಜನೆಯ ಶೀಟಿನಲ್ಲಿ ದೊಡ್ಡ ರಸ್ತೆ ಸರಿಯಾಗಿ ಕಾಣುತ್ತಿತ್ತು. ನಮ್ಮ ಗಲ್ಲಿ ಬರೀ ಎರಡು ಗೆರೆ. ಸಿಟಿ ಸರ್ವೆ ಆಫೀಸಿನಿಂದ ಪ್ರಾಪರ್ಟಿ ಕಾರ್ಡ್ ತೆಗೆಸಿದಾಗ ಇನ್ನೂ ತಮಾಷೆ. ಗಲ್ಲಿಯ ಜಾಗ ಯಾವುದೋ ಕಾಲದ ಜಮೀನುದಾರರ ಹೆಸರಿನಲ್ಲೇ ಇತ್ತು. ಆಗಿದ್ದನ್ನು ಶೆಟ್ರು ಹೇಳಿದರು. ಅವರು ಕಾರ್ಕಳ ಕಡೆಯಿಂದ ಹುಡುಗನಾಗಿ ಬಂದು ಕಪ್ಪು-ಸಾಸರ್ ತೊಳೆಯುವಾಗ ಇಲ್ಲಿ ಬರೀ ಹುಲ್ಲುಗಾವಲಂತೆ. ಜಾಗದ ಧಣಿ ಲೇಔಟ್ ಮಾಡಿ ಪ್ಲಾಟ್ ಮಾರಿದರು, ಓಡಾಡಲು 20 ಅಡಿ ಬಿಟ್ಟರು. ಬಿಟ್ಟದ್ದನ್ನು ಪಾಲಿಕೆಗೆ ಬರೆದುಕೊಡುವ ಕೆಲಸ ಹಾಗೇ ಉಳಿಯಿತು. ಮುಂಬೈ ಉಪನಗರದಲ್ಲಿ ಇಂಥ ಲೇಔಟ್ ರಸ್ತೆಗಳು ಬೇಕಾದಷ್ಟಿವೆ. ಎಲ್ಲರೂ ನಡೆಯುತ್ತಾರೆ, ಕಾಗದದಲ್ಲಿ ಮಾತ್ರ ಇನ್ಯಾರದೋ.

ಗಲ್ಲಿ ಯಾರಿಗೆ ಬೇಡ, ಯಾಕೆ ಬೇಡ ಅನ್ನುವುದು ಕಾಕಾ ನಕಾಶೆ ಮುಂದೆ ಹರಡಿಕೊಂಡು ಕೂತಾಗ ಗೊತ್ತಾಯಿತು. ಹೋಟೆಲಿನ ಸಾಲಿನಲ್ಲಿ ದೊಡ್ಡ ರಸ್ತೆಗೆ ಮುಖ ಮಾಡಿದ ಬಿಲ್ಡಿಂಗು ಒಬ್ಬ ಬಿಲ್ಡರ್ ಕೈಗೆ ರೀಡೆವಲಪ್‌ಮೆಂಟಿಗೆ, ಅಂದರೆ ಕೆಡವಿ ಹೊಸದು ಕಟ್ಟಲು, ಹೋಗಿತ್ತು. ಗಲ್ಲಿಯ ಈಚೆ, ನಮ್ಮ ಹಿಂದಿನ ಪ್ಲಾಟೂ ಅವರದೇ. ಈಗಿನ ಕಟ್ಟಡ ನಿಯಮಗಳಲ್ಲಿ ರಸ್ತೆ ಅಗಲವಾದಷ್ಟೂ ಎಫ್‌ಎಸ್‌ಐ, ಅಂದರೆ ಜಾಗದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ, ಜಾಸ್ತಿ. 20 ಅಡಿ ಗಲ್ಲಿಗೆ ಮುಖ ಮಾಡಿದ ಹಿಂದಿನ ಪ್ಲಾಟಿನಲ್ಲಿ ಎತ್ತರಕ್ಕೆ ಏರಿಸಲು ಆಗುವುದಿಲ್ಲ. ಗಲ್ಲಿ ಹೋದರೆ ಎರಡೂ ಪ್ಲಾಟ್ ಕೂಡಿ ಒಂದಾಗುತ್ತವೆ, ಹಿಂದಿನದಕ್ಕೂ ದೊಡ್ಡ ರಸ್ತೆಯ ಲಾಭ ಸಿಗುತ್ತದೆ. ಬಿಲ್ಡರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಾಳೆ ನಮ್ಮದೇ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋದರೆ ಇದೇ ಲೆಕ್ಕ ಹಾಕುತ್ತೇವೆ. ಆದರೆ ಮಾರ್ಕೆಟ್ಟಿಗೆ ಹೋಗುವ ಅಜ್ಜಿಯರು ಸುತ್ತು ಹಾಕಬೇಕಲ್ಲ, ಫೈರ್ ಬ್ರಿಗೇಡ್ ಗಾಡಿ ಹಿಂದಿನಿಂದ ಬರಲು ಇದೊಂದೇ ತಾನೆ ದಾರಿ, ಅದಕ್ಕೇನು ಮಾಡುವುದು?

ತಕರಾರು ಬರೆದೆವು. ಕಾಕಾ ಮರಾಠಿ ನೋಡಿಕೊಂಡರು, ನಾನು ಸಹಿಗೆ ಅಲೆದೆ. ಬಾಡಿಗೆಯವರು “ನಮ್ಮ ಸಹಿ ನಡೆಯುತ್ತಾ?” ಅಂತ ಹಿಂಜರಿದರು. ರಸ್ತೆಯಲ್ಲಿ ನಡೆಯುವುದಕ್ಕೆ ಫ್ಲ್ಯಾಟ್ ಸ್ವಂತದ್ದೇ ಇರಬೇಕೇನು? ಅವರದೇ ಜಾಸ್ತಿ ಸಹಿ ಬಿತ್ತು. ಮೀನು ಮಾರುವ ಮೌಶಿ ಹೆಬ್ಬೆಟ್ಟು ಒತ್ತಿ, ತನ್ನ ಇಬ್ಬರು ತಂಗಿಯರನ್ನೂ ಕರೆತಂದಳು.

ಸ್ಥಳ ನೋಡಲು ಬಂದವರು ಗಲ್ಲಿಯ ನಡುವಿನ ಮುಚ್ಚಳ ಎತ್ತಿಸಿದರು. ಹಿಂದಿನ ಬಿಲ್ಡಿಂಗುಗಳ ಮಳೆನೀರಿನ ಚರಂಡಿ, ಕುಡಿಯುವ ನೀರಿನ ಪೈಪು ಎಲ್ಲ ಅಲ್ಲೇ ಹಾದುಹೋಗುತ್ತಿವೆ. ನಮ್ಮ ಸಹಿಗಳಿಗಿಂತ ಆ ಪೈಪುಗಳ ಮಾತೇ ಹೆಚ್ಚು ನಡೆಯಿತು ಅಂತ ನನ್ನ ಅನುಮಾನ. ಕಡತ ನೀರಿನ ವಿಭಾಗಕ್ಕೆ, ಮಳೆನೀರು ಚರಂಡಿಯವರಿಗೆ ಅಭಿಪ್ರಾಯಕ್ಕೆ ಹೋಯಿತು. ಇನ್ನೂ ಅಲ್ಲೇ ಇದೆ.

ಈ ನಡುವೆ ಕಾಕಾಗೆ ಹೊಸ ಯೋಚನೆ ಬಂದಿದೆ. ಗಲ್ಲಿಗೊಂದು ಹೆಸರಿಟ್ಟು ಬೋರ್ಡ್ ಹಾಕಿಸಿದರೆ ಮುಂದಿನ ಸಲ ನೋಟಿಸಿನಲ್ಲಿ ನಂಬರಿನ ಬದಲು ಹೆಸರು ಬರುತ್ತದಲ್ಲ! ಎಲ್ಲರೂ ಹೌದು ಅಂದರು. ಕಾಕಾಗೆ ಸಂತರ ಹೆಸರು ಬೇಕು. ಒಂದನೇ ಮಹಡಿಯ ಗುಜರಾತಿ ಭಾಯಿಗೆ ತಮ್ಮ ತಂದೆಯದು. ಸೆಕ್ರೆಟರಿಗೆ ಇನ್ನೇನೋ. ಮುಚ್ಚಬೇಡಿ ಅಂತ ಒಂದೇ ಕಾಗದಕ್ಕೆ ಸಹಿ ಹಾಕಿದವರು ಹೆಸರಿಗಾಗಿ ಎರಡು ಮೀಟಿಂಗ್ ಬಿಟ್ಟು ಎದ್ದುಹೋದರು. ಶೆಟ್ರು ಮಾತ್ರ ಯಾವುದಕ್ಕೂ ಬರುವುದಿಲ್ಲ. “ಹೆಸರು ಆಗ್ಲೇ ಉಂಟಲ್ಲ ಮೇಡಂ. ನಾನೇ ಹೇಳಿದ್ರೆ ಸರಿ ಆಗುದಿಲ್ಲ” ಅನ್ನುತ್ತಾರೆ.