ಹಿತ್ತಾಳೆ ನಿಪ್ಪಲ್ ಒಳಗಿಂದ ಕೆಂಪಾಗಿತ್ತು

ಕಳೆದ ತಿಂಗಳು ಮನೆ ಮೇಲಿನ ಸೋಲಾರ್ ಹೀಟರ್ ಹತ್ತಿರ ನೀರು ಸೋರುತ್ತಿತ್ತು. ಎರಡು ಪೈಪ್ ಜೋಡಿಸುವ ಗಿಡ್ಡ ತುಂಡು, ಅಂದರೆ ಹಿತ್ತಾಳೆ ನಿಪ್ಪಲ್‌ಗೆ ಸ್ಪ್ಯಾನರ್ ಹಾಕಿ ಸ್ವಲ್ಪ ತಿರುಗಿಸಿದೆ ಅಷ್ಟೇ, ಬಿಸ್ಕತ್ತಿನ ಹಾಗೆ ಮುರಿದು ಕೈಗೆ ಬಂತು. ಹೊರಗಡೆ ಆಕಾರ ಸ್ವಲ್ಪವೂ ಕೆಟ್ಟಿರಲಿಲ್ಲ. ಮುರಿದ ಜಾಗ ಮಾತ್ರ ಇಟ್ಟಿಗೆಯಂತೆ ಕೆಂಪು, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು.

"ಡೂಪ್ಲಿಕೇಟ್ ಮಾಲು ಸಾರ್" ಅಂದರು ಪ್ಲಂಬರ್. ನಾನು ಪೀಣ್ಯದಲ್ಲಿ ವರ್ಷಗಟ್ಟಲೆ ಲೋಹ ಕಡೆಯುವ ಲೇತ್ ಯಂತ್ರದ ಮೇಲೆ ಹಿತ್ತಾಳೆ, ಗನ್‌ಮೆಟಲ್ (ಒಂದು ಬಗೆಯ ಕಂಚು) ಕೆಲಸ ಮಾಡಿದವನು. ಅದು ಒಳ್ಳೆಯ ಹಿತ್ತಾಳೆಯೇ. ಆ ನೀರಿಗೆ ಅದನ್ನು ಹಾಕಬಾರದಿತ್ತು.

ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಅಂಗಡಿಯಲ್ಲಿ ಸಿಗುವ ಫಿಟ್ಟಿಂಗ್‌ಗಳ ಹಿತ್ತಾಳೆಯಲ್ಲಿ ನೂರಕ್ಕೆ ಸುಮಾರು 40 ಭಾಗ ಸತುವೇ ಇರುತ್ತದೆ, ಯಾಕೆಂದರೆ ಸತು ತಾಮ್ರಕ್ಕಿಂತ ತುಂಬಾ ಅಗ್ಗ. ನಮ್ಮ ಬೋರ್‌ವೆಲ್ ನೀರಿನಂತೆ ಉಪ್ಪಿನ ಅಂಶ ಜಾಸ್ತಿ ಇರುವ ನೀರು ಬಿಸಿಯಾಗಿ ಸದಾ ತಾಗುತ್ತಿದ್ದರೆ ಆ ಸತು ನಿಧಾನವಾಗಿ ಕರಗಿ ಹೋಗುತ್ತದೆ, ತಾಮ್ರ ಮಾತ್ರ ಸ್ಪಂಜಿನ ಹಾಗೆ ಉಳಿದುಕೊಳ್ಳುತ್ತದೆ. ನೋಡಲು ನಿಪ್ಪಲ್ಲೇ, ಬಲ ಮಾತ್ರ ಇಲ್ಲ. ಸತು 15 ಭಾಗಕ್ಕಿಂತ ಕಡಿಮೆ ಇದ್ದರೆ ಈ ಕಾಟ ಬಹುತೇಕ ಇರುವುದಿಲ್ಲ. ಚಿಟಿಕೆ ಆರ್ಸೆನಿಕ್ ಸೇರಿಸಿ, ಸತು ಬಿಡದಂತೆ ಮಾಡಿದ ಡಿಝಡ್‌ಆರ್ ಅನ್ನೋ ಹಿತ್ತಾಳೆಯೂ ಇದೆ.

ಹಿತ್ತಾಳೆಗೆ ಇನ್ನೊಂದು ಶತ್ರು ಅಮೋನಿಯ. ಇದರ ಕಥೆ ನಮ್ಮ ದೇಶದ್ದೇ. 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯದ ಹಿತ್ತಾಳೆ ತೋಟಾಗಳು ಮಳೆಗಾಲ ಬಂದರೆ ಸುಮ್ಮನೆ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಇಟ್ಟಿದ್ದು ಕುದುರೆ ಲಾಯಗಳಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯ, ಮಳೆಗಾಲದ ತೇವ, ಜೊತೆಗೆ ತೋಟಾ ಎಳೆದು ಮಾಡುವಾಗ ಲೋಹದೊಳಗೆ ಉಳಿದುಹೋದ ಬಿಗಿತ, ಈ ಮೂರೂ ಸೇರಿ ಹೀಗಾಗುತ್ತದೆ ಅಂತ ಸರಿಯಾದ ವಿವರಣೆ ಸಿಕ್ಕಿದ್ದು 1921ರಲ್ಲಿ. ಹದವಾಗಿ ಕಾಯಿಸಿದರೆ ಆ ಬಿಗಿತ ಇಳಿಯುತ್ತದೆ. ದನದ ಕೊಟ್ಟಿಗೆಯಲ್ಲಿ ಹಿತ್ತಾಳೆ ವಾಲ್ವ್ ಹಾಕಿಸುವವರಿಗೆ ನಾನು ಈಗಲೂ ಈ ಅಮೋನಿಯದ ಕಾಟದ ಬಗ್ಗೆಯೇ ಎಚ್ಚರಿಸುತ್ತೇನೆ.

ಹಾಗಂತ ಹಿತ್ತಾಳೆ ಕೆಟ್ಟದ್ದಲ್ಲ. ಲೇತ್ ಮೇಲೆ ಅದರಷ್ಟು ಸುಲಭವಾಗಿ ಕಟ್ ಆಗುವ ಲೋಹ ನಾನು ನೋಡಿಲ್ಲ. ಶುದ್ಧ ತಾಮ್ರ ಟೂಲ್‌ಗೆ ಅಂಟಿಕೊಂಡು ಉದ್ದುದ್ದ ಎಳೆಯಾಗಿ ಸುತ್ತುತ್ತದೆ, ರೇಜಿಗೆ ಹಿಡಿಸುತ್ತದೆ. ಫ್ರೀ ಕಟಿಂಗ್ ಹಿತ್ತಾಳೆಯಲ್ಲಿ ಸುಮಾರು 3 ಭಾಗ ಸೀಸ ಇರುತ್ತದೆ, ಅದು ಕರಗಿ ಬೆರೆಯದೆ ಸಣ್ಣ ಸಣ್ಣ ಹನಿಯಾಗಿ ಒಳಗೆ ಕೂತಿರುವುದರಿಂದ ಕಡೆಯುವಾಗ ಉದುರುವ ಚೂರು (ಚಿಪ್ಸ್) ರವೆಯ ಹಾಗೆ ಪುಡಿಪುಡಿಯಾಗಿ ಬೀಳುತ್ತದೆ. ಕುಡಿಯುವ ನೀರಿನ ನಲ್ಲಿಗೆ ಮಾತ್ರ ಸೀಸ ಕಡಿಮೆ ಇರುವುದನ್ನೇ ಹುಡುಕಬೇಕು.

ಕಂಚಿನ ಕಡೆಗೆ ಬಂದರೆ, ನಮ್ಮ ಭಾಷೆಗೇ ಇದರ ಗುಣ ಗೊತ್ತಿತ್ತು. ಕಂಚಿನ ಕಂಠ ಅಂತೀವಿ, ಹಿತ್ತಾಳೆ ಕಂಠ ಅನ್ನುವುದಿಲ್ಲ ಅಲ್ವಾ? ದೇವಸ್ಥಾನದ ಗಂಟೆಗೆ ನೂರಕ್ಕೆ 20-22 ಭಾಗ ತವರ ಹಾಕಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಅಷ್ಟು ತವರ ಇದ್ದರೆ ಗಡಸೂ ಹೌದು, ಪೆಡಸೂ ಹೌದು. ಹಳೆ ಕಂಚಿನ ತಟ್ಟೆ ಕೈಜಾರಿ ಬಿದ್ದರೆ ಒಡೆದೇ ಹೋಗಬಹುದು, ಹಿತ್ತಾಳೆ ಚೊಂಬು ಬಿದ್ದರೆ ತಗ್ಗಾಗುತ್ತದೆ.

ತವರ 10 ಭಾಗಕ್ಕೆ ಇಳಿಸಿ 2 ಭಾಗ ಸತು ಹಾಕಿದರೆ ಗನ್‌ಮೆಟಲ್. ಹಿಂದೆ ಇದರಿಂದ ಫಿರಂಗಿ ಎರೆಯುತ್ತಿದ್ದರು, ಹೆಸರು ಅಲ್ಲಿಂದ ಬಂತು. ಈಗ ಪಂಪು, ವಾಲ್ವ್, ಬುಶ್‌ಗಳಿಗೆ (ತಿರುಗುವ ಶಾಫ್ಟ್ ಕೂರುವ ಲೋಹದ ಬಳೆ) ಅದೇ ಜೀವ. ಬುಶ್ ತಾನು ಸವೆದು ಶಾಫ್ಟ್ ಉಳಿಸುತ್ತದೆ, ದುಬಾರಿ ಶಾಫ್ಟ್ ಬದಲು ಅಗ್ಗದ ಬುಶ್ ಬದಲಾಯಿಸಿದರೆ ಸಾಕು. ಇದೇ ಜಾತಿಯ ಇನ್ನೊಂದು 85-5-5-5, ಅಂದರೆ ತಾಮ್ರ 85, ತವರ, ಸತು, ಸೀಸ ತಲಾ 5.

ತಾಮ್ರದ ಉಳಿದ ಮಿಶ್ರಲೋಹಗಳೂ ಕಡಿಮೆಯೇನಲ್ಲ. ಸ್ವಿಚ್ಚಿನೊಳಗಿನ ಸ್ಪ್ರಿಂಗ್‌ಗೆ ಚೂರು ರಂಜಕ ಸೇರಿದ ಕಂಚು, ಅಂದರೆ ಫಾಸ್ಫರ್ ಬ್ರಾಂಜ್, ಸಮುದ್ರದ ನೀರು ಹರಿಯುವ ಕೊಳವೆಗಳಿಗೆ ನಿಕ್ಕಲ್ ಸೇರಿದ ತಾಮ್ರ. ಜೇಬಿನ 10 ರೂಪಾಯಿ ನಾಣ್ಯದ ಹೊರಗಿನ ಹಳದಿ ಬಳೆ ತವರದ ಬದಲು ಅಲ್ಯೂಮಿನಿಯಂ ಸೇರಿದ ತಾಮ್ರ, ಅಂದರೆ ಅಲ್ಯೂಮಿನಿಯಂ ಬ್ರಾಂಜ್, ಹಡಗಿನ ಪ್ರೊಪೆಲರ್ ಕೂಡ ಅದೇ ಬಳಗದ್ದು.

ನಮ್ಮ ಮನೆಗೆ ಗನ್‌ಮೆಟಲ್ ತುಂಡೊಂದರಿಂದ ನಾನೇ ನಿಪ್ಪಲ್ ಮಾಡಿ ಹಾಕಿದ್ದೇನೆ. ನಿಮ್ಮದೂ ಬೋರ್‌ವೆಲ್ ನೀರಾಗಿದ್ದರೆ ಒಮ್ಮೆ ಮೇಲೆ ಹತ್ತಿ ನೋಡಿ. ಹಿತ್ತಾಳೆ ಜಾಯಿಂಟ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ, ಹಳದಿ ಮಧ್ಯೆ ಕೆಂಪು ಮಚ್ಚೆ ಕಂಡರೆ, ಸ್ಪ್ಯಾನರ್ ಹಾಕುವ ಮೊದಲು ಕೆಳಗಿನ ವಾಲ್ವ್ ಬಂದ್ ಮಾಡಿಕೊಳ್ಳಿ.