ಸರಾಸರಿಯ ಹಿಂದೆ ಮರೆಯಾಗುವ ರಿಕ್ವೆಸ್ಟ್

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಮಾಲು ಬರುತ್ತದೆ, ಮತ್ತು ಅಲ್ಲಿನ ವ್ಯಾಪಾರ ನಡೆಯುವುದು ಇ-ಟೆಂಡರ್ ಮೂಲಕ. ಖರೀದಿದಾರರು ಲಾಟುಗಳನ್ನು ನೋಡಿ, ಗೊತ್ತುಪಡಿಸಿದ ಸಮಯದೊಳಗೆ ತಮ್ಮ ದರ ದಾಖಲಿಸುತ್ತಾರೆ. ಸಮಯ ಮುಗಿದ ಮೇಲೆ ಯಾವ ಲಾಟು ಯಾರಿಗೆ ಎಂಬುದು ಪ್ರಕಟವಾಗುತ್ತದೆ. ಇದೇ ಬಗೆಯ ಒಂದು ಸಾಫ್ಟ್‌ವೇರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕೊನೆಯ ನಿಮಿಷಗಳಲ್ಲಿ ಸಾವಿರ ದರಗಳು ಬಂದವು. ಅವುಗಳಲ್ಲಿ 980 ದರಗಳು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ದಾಖಲಾದವು, ಉಳಿದ 20ಕ್ಕೆ ಒಂಬತ್ತು ಸೆಕೆಂಡು ಹಿಡಿಯಿತು. ಸರಾಸರಿ ತೆಗೆದರೆ 0.278 ಸೆಕೆಂಡು. ವ್ಯವಸ್ಥೆಯ ಸ್ಥಿತಿ ತೋರಿಸುವ ಪರದೆ, ಅಂದರೆ ಡ್ಯಾಶ್‌ಬೋರ್ಡು, ಸರಾಸರಿಯನ್ನಷ್ಟೇ ತೋರಿಸುತ್ತಿದ್ದರೆ ಎಲ್ಲವೂ ಹಸಿರಾಗಿಯೇ ಇರುತ್ತದೆ, ಆದರೆ ಆ ಇಪ್ಪತ್ತರಲ್ಲಿ ಯಾವುದೋ ಒಂದು ದರ ಸಮಯ ಮೀರಿ ತಿರಸ್ಕೃತವಾಗಿ, ಒಬ್ಬ ರೈತನ ಮಾಲು ಕ್ವಿಂಟಲ್‌ಗೆ ಕಡಿಮೆ ಬೆಲೆಗೆ ಹೋಗಿರುತ್ತದೆ.

ಅಬ್ಸರ್ವಬಿಲಿಟಿ ಎಂದು ನಮ್ಮ ಉದ್ಯಮ ಕರೆಯುವ ವಿಷಯದ ತಿರುಳು ನನ್ನ ಮಟ್ಟಿಗೆ ಇಲ್ಲಿದೆ. ಆ ಇಪ್ಪತ್ತರಲ್ಲಿ ಒಂದು ರಿಕ್ವೆಸ್ಟನ್ನು, ಅಂದರೆ ವ್ಯವಸ್ಥೆಗೆ ಬಂದ ಒಂದು ಕೋರಿಕೆಯನ್ನು, ಹೆಕ್ಕಿ ತೆಗೆದು, ಅದಕ್ಕೆ ಏನಾಯಿತು ಎಂದು ವ್ಯವಸ್ಥೆಯನ್ನೇ ಕೇಳಿ, ಹೊಸದಾಗಿ ಕೋಡ್ ಸೇರಿಸದೆ ಉತ್ತರ ಪಡೆಯಲು ಸಾಧ್ಯವೇ? ಈ ಪರಿಕಲ್ಪನೆ ಬಂದಿರುವುದು ನಿಯಂತ್ರಣ ಸಿದ್ಧಾಂತದಿಂದ. ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ರುಡಾಲ್ಫ್ ಕಾಲ್ಮನ್ 1960ರ ಸುಮಾರಿಗೆ ಇದನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿದರು: ಹೊರಗೆ ಕಾಣುವ ಫಲಿತಗಳನ್ನಷ್ಟೇ ನೋಡಿ ಒಳಗಿನ ಸ್ಥಿತಿಯನ್ನು ನಿರ್ಧರಿಸಬಹುದಾದರೆ ಆ ವ್ಯವಸ್ಥೆಗೆ ಈ ಗುಣವಿದೆ ಎಂದರ್ಥ. ಸಾಫ್ಟ್‌ವೇರಿನಲ್ಲಿ ಈ ಗುಣ ತಾನಾಗಿ ಬರುವುದಿಲ್ಲ. ಕೋಡ್ ಬರೆಯುವವರು ಅದನ್ನು ಬರೆಯುವಾಗಲೇ ಇಡಬೇಕಾಗುತ್ತದೆ.

ಒಂದೇ ದೊಡ್ಡ ಪ್ರೋಗ್ರಾಂ ಒಂದೇ ಸರ್ವರಿನಲ್ಲಿ ಓಡುತ್ತಿದ್ದ ಕಾಲದಲ್ಲಿ ನಡೆದದ್ದನ್ನು ಸಾಲುಸಾಲಾಗಿ ಬರೆದಿಡುವ ಲಾಗ್ ಫೈಲು ತೆರೆದು ಹುಡುಕಿದರೆ ಸಾಕಾಗುತ್ತಿತ್ತು. ಈಗ ಒಂದು ದರ ದಾಖಲಾಗಬೇಕಾದರೆ ಲಾಗಿನ್, ಲಾಟಿನ ಮಾಹಿತಿ, ಠೇವಣಿ ಪರಿಶೀಲನೆ, ದರ ನೋಂದಣಿ, ಸಂದೇಶ ರವಾನೆ ಹೀಗೆ ಹತ್ತಾರು ಸೇವೆಗಳನ್ನು, ಅಂದರೆ ಪ್ರತ್ಯೇಕವಾಗಿ ಓಡುವ ಸಣ್ಣ ಪ್ರೋಗ್ರಾಂಗಳನ್ನು, ದಾಟಬೇಕು. ಪ್ರತಿಯೊಂದು ಸೇವೆಯೂ ನೂರಕ್ಕೆ ಒಮ್ಮೆ ಮಾತ್ರ ನಿಧಾನವಾಗುತ್ತದೆ ಎಂದುಕೊಂಡರೂ, ಹತ್ತನ್ನು ದಾಟುವ ಬಳಕೆದಾರನಿಗೆ ನೂರಕ್ಕೆ ಸುಮಾರು ಹತ್ತು ಸಲ ಆ ನಿಧಾನ ತಟ್ಟುತ್ತದೆ. ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಇದೇ ಲೆಕ್ಕವನ್ನು ನೂರು ಸರ್ವರುಗಳಿಗೆ ವಿಸ್ತರಿಸಿ ತೋರಿಸಿದ್ದರು. ಅಲ್ಲಿ ನೂರಕ್ಕೆ 63 ರಿಕ್ವೆಸ್ಟುಗಳು ನಿಧಾನವಾಗುತ್ತವೆ. ಪ್ರತಿ ಸೇವೆಯ ತಂಡವೂ ತನ್ನ ಕಡೆ ತೊಂದರೆಯಿಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತದೆ, ಆದರೂ ಗ್ರಾಹಕ ಕಾಯುತ್ತಲೇ ಇರುತ್ತಾನೆ.

ಆದ್ದರಿಂದಲೇ ಟ್ರೇಸ್, ಅಂದರೆ ಒಂದು ರಿಕ್ವೆಸ್ಟ್ ಎಲ್ಲ ಸೇವೆಗಳ ಮೂಲಕ ಸಾಗಿದ ದಾರಿಯ ದಾಖಲೆ, ಮುಖ್ಯವಾಗುತ್ತದೆ. ಗೂಗಲ್ 2010ರಲ್ಲಿ ಡ್ಯಾಪರ್ ಎಂಬ ತನ್ನ ಒಳ ವ್ಯವಸ್ಥೆಯ ಕುರಿತು ಪ್ರಕಟಿಸಿದ ಪ್ರಬಂಧದಿಂದ ಈ ವಿಧಾನ ಎಲ್ಲೆಡೆ ಹರಡಿತು. 2019ರಲ್ಲಿ ಎರಡು ಯೋಜನೆಗಳು ಒಂದಾಗಿ, ಇಂಥ ದಾಖಲೆಗಳನ್ನು ಸಂಗ್ರಹಿಸುವ ಸಾಧನವಾದ ಓಪನ್‌ಟೆಲಿಮೆಟ್ರಿ ಆಯಿತು. ಒಳಗೆ ನಡೆಯುವುದು ಸರಳ. ರಿಕ್ವೆಸ್ಟ್ ಬಾಗಿಲಿಗೆ ಬಂದೊಡನೆ ಅದಕ್ಕೆ 32 ಹೆಕ್ಸಾಡೆಸಿಮಲ್ (0-9, a-f) ಅಕ್ಷರಗಳ ಒಂದು ಗುರುತು ಕೊಡಲಾಗುತ್ತದೆ, ಮತ್ತು ಆ ಗುರುತು ಒಂದು ಸೇವೆಯಿಂದ ಇನ್ನೊಂದಕ್ಕೆ, ಸಂದೇಶದ ತಲೆಬರಹದಂತಿರುವ ಹೆಡರಿನಲ್ಲಿ ಸಾಗುತ್ತದೆ. ಪ್ರತಿ ಸೇವೆಯೂ ತಾನು ಕೆಲಸ ಆರಂಭಿಸಿದ ಮತ್ತು ಮುಗಿಸಿದ ಸಮಯವನ್ನು ಅದೇ ಗುರುತಿನಡಿ ಬರೆದಿಡುತ್ತದೆ.

ನಮ್ಮ ಉದಾಹರಣೆಯ ಆ ಒಂಬತ್ತು ಸೆಕೆಂಡಿನ ಟ್ರೇಸನ್ನು ತೆರೆದರೆ, ಪರದೆಯ ಮೇಲೆ ಒಂದರ ಕೆಳಗೊಂದು ಅಡ್ಡಪಟ್ಟಿಗಳು ಕಾಣುತ್ತವೆ. ಎಲ್ಲಕ್ಕಿಂತ ಮೇಲೆ ಒಂಬತ್ತು ಸೆಕೆಂಡಿನ ಉದ್ದ ಪಟ್ಟಿ. ಕೆಳಗೆ ಲಾಗಿನ್ ಮತ್ತು ಠೇವಣಿಯ ತುಂಡು ಪಟ್ಟಿಗಳು. ತೀರ ಬಲಕ್ಕೆ ಡೇಟಾಬೇಸ್ ಕ್ವೆರಿ (ಡೇಟಾಬೇಸಿಗೆ ಕೇಳಿದ ಪ್ರಶ್ನೆ), ಕೇವಲ 40 ಮಿಲಿಸೆಕೆಂಡು. ಡೇಟಾಬೇಸನ್ನು ದೂರಿದವರಿಗೆ ಇದು ಮೊದಲ ಉತ್ತರ. ನಿಜವಾಗಿ ನೋಡಬೇಕಾದದ್ದು ಆ ಕ್ವೆರಿಗೆ ಮೊದಲು ಇರುವ ಖಾಲಿ ಜಾಗ: ಎಂಟೂವರೆ ಸೆಕೆಂಡು ಯಾವ ಪಟ್ಟಿಯೂ ಇಲ್ಲ. ದರ ನೋಂದಣಿ ಸೇವೆ ಡೇಟಾಬೇಸಿನ ಮಿತ ಸಂಖ್ಯೆಯ ಕನೆಕ್ಷನ್‌ಗಳಲ್ಲಿ ಒಂದಕ್ಕಾಗಿ ಸರದಿಯಲ್ಲಿ ನಿಂತಿತ್ತು, ಏಕೆಂದರೆ ಅದೇ ಸಮಯಕ್ಕೆ ಓಡುತ್ತಿದ್ದ ದಿನದ ವರದಿಯ ಕೆಲಸವೊಂದು ಬಹುಪಾಲು ಕನೆಕ್ಷನ್‌ಗಳನ್ನು ಹಿಡಿದುಕೊಂಡಿತ್ತು. ಸರ್ವರಿನ ಸಿಪಿಯು, ಮೆಮೊರಿ, ಡಿಸ್ಕ್ ಯಾವ ಗ್ರಾಫಿನಲ್ಲೂ ಇದರ ಸುಳಿವು ಸಿಗುವುದಿಲ್ಲ.

ಎಲ್ಲವನ್ನೂ ದಾಖಲಿಸಿಬಿಡಿ ಎಂದು ಹೇಳುವುದು ಸುಲಭ, ಆದರೆ ಖರ್ಚು ಅಲ್ಲಿಯೇ ಇದೆ. ಡ್ಯಾಪರ್ ಆರಂಭದಲ್ಲಿ 1024 ರಿಕ್ವೆಸ್ಟುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಗೂಗಲ್‌ನಷ್ಟು ಸಂಚಾರವಿದ್ದರೆ ಅದು ಸಾಕು; ನಮ್ಮ ಉದಾಹರಣೆಯ ಕೊನೆಯ ನಿಮಿಷಗಳ ಸಾವಿರ ದರಗಳಲ್ಲಿ ಆ ಲೆಕ್ಕ ಹಿಡಿದರೆ ನಮಗೆ ಬೇಕಾದ ಇಪ್ಪತ್ತರಲ್ಲಿ ಒಂದೂ ಉಳಿಯದಿರುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ರಿಕ್ವೆಸ್ಟ್ ಮುಗಿದ ಮೇಲೆ ನಿರ್ಧರಿಸಿ, ನಿಧಾನವಾದದ್ದನ್ನೂ ವಿಫಲವಾದದ್ದನ್ನೂ ಪೂರ್ತಿಯಾಗಿ ಇಟ್ಟುಕೊಂಡು, ಚೆನ್ನಾಗಿ ಮುಗಿದವುಗಳಲ್ಲಿ ಕೆಲವನ್ನಷ್ಟೇ ಉಳಿಸುವ ಪದ್ಧತಿಯೇ ನಮ್ಮಂಥ ಮಧ್ಯಮ ಗಾತ್ರದ ವ್ಯವಸ್ಥೆಗಳಿಗೆ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಾಗೆಯೇ, ಅಂಕಿಗಳನ್ನು ಕಾಲಕ್ರಮದಲ್ಲಿ ಸಂಗ್ರಹಿಸುವ ಮಾನಿಟರಿಂಗ್ ಸಾಧನವಾದ ಪ್ರೋಮೀಥಿಯಸ್‌ನಲ್ಲಿ ಲಾಟ್ ಸಂಖ್ಯೆಯನ್ನು ಲೇಬಲ್ (ಅಂಕಿಗೆ ಅಂಟಿಸುವ ಗುರುತುಚೀಟಿ) ಆಗಿ ಇಡಬಾರದು. ಪ್ರತಿ ಹೊಸ ಲೇಬಲ್ ಮೌಲ್ಯಕ್ಕೂ ಅದು ಪ್ರತ್ಯೇಕ ಕಾಲಸರಣಿ ತೆರೆಯುವುದರಿಂದ ಹಂಗಾಮಿನಲ್ಲಿ ಮೆಮೊರಿ ಮುಗಿದು ಮಾನಿಟರಿಂಗೇ ಕುಸಿಯುತ್ತದೆ. ಲಾಟ್ ಸಂಖ್ಯೆಗೆ ಜಾಗ ಟ್ರೇಸ್ ಮತ್ತು ಲಾಗ್. ರೈತನ ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳಿಗೆ ಮಾತ್ರ ಇವೆರಡರಲ್ಲೂ ಜಾಗವಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಲಾಗುಗಳನ್ನು 180 ದಿನ ಇಡಬೇಕಾಗಿರುವಾಗ, ಒಮ್ಮೆ ಒಳಸೇರಿದ ಸಂಖ್ಯೆ ಅಷ್ಟು ದಿನ ಅಲ್ಲಿಯೇ ಕುಳಿತಿರುತ್ತದೆ.

ನೋಡುವ ಸಾಧನವೂ ನೋಡಿಸಿಕೊಳ್ಳುವ ವ್ಯವಸ್ಥೆಯೂ ಒಂದೇ ಕಂಬಕ್ಕೆ ಆತುಕೊಂಡಿರಬಾರದು. 2017ರ ಫೆಬ್ರುವರಿ 28ರಂದು ಅಮೆಜಾನಿನ ಫೈಲು ಸಂಗ್ರಹಣೆಯ ಎಸ್3 ಸೇವೆ ನಿಂತಾಗ, ಸೇವೆಗಳ ಸ್ಥಿತಿ ತಿಳಿಸುವ ಅದರ ಡ್ಯಾಶ್‌ಬೋರ್ಡನ್ನೇ ಕೆಲಕಾಲ ಬದಲಿಸಲಾಗಲಿಲ್ಲ, ಏಕೆಂದರೆ ಅದೂ ಎಸ್3ಯನ್ನು ಅವಲಂಬಿಸಿತ್ತು.

ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಇದು ಬರೀ ತಂತ್ರಜ್ಞಾನದ ಪ್ರಶ್ನೆಯಲ್ಲ. ಬೇರೆ ಊರು, ಬೇರೆ ದೇಶದ ವ್ಯವಸ್ಥೆಗಳನ್ನು ರಾತ್ರಿಪಾಳಿಯಲ್ಲಿ ಕಾಯುವ ಕೆಲಸ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಬರುತ್ತದೆ. ಅನೇಕ ಕಡೆ ಅವರಿಗೆ ಸಿಗುವುದು ಕೆಂಪು-ಹಸಿರಿನ ಒಂದು ಪರದೆ ಮತ್ತು ಕೆಂಪಾದರೆ ಯಾರಿಗೆ ಫೋನು ಮಾಡಬೇಕೆಂಬ ಪಟ್ಟಿ. ಟ್ರೇಸ್ ತೆರೆಯುವ ಅನುಮತಿ ಇರುವುದಿಲ್ಲ, ಕೋಡ್ ಬರೆದ ತಂಡದ ಪರಿಚಯ ಇರುವುದಿಲ್ಲ. ಬೆಳಗಿನ ಮೂರು ಗಂಟೆಗೆ ಎಚ್ಚರವಾಗಿ ಕುಳಿತ ಒಬ್ಬ ಸಮರ್ಥ ಎಂಜಿನಿಯರಿಗೆ ವ್ಯವಸ್ಥೆಯನ್ನು ಪ್ರಶ್ನಿಸುವ ಅಧಿಕಾರವೇ ಇಲ್ಲದಂತೆ ಮಾಡುವುದು ಅನ್ಯಾಯವೂ ಹೌದು, ವ್ಯರ್ಥವೂ ಹೌದು. ದುಬಾರಿ ಸಾಧನಗಳಿಗೆ ಹಣ ಕಟ್ಟುವ ಸಂಸ್ಥೆಗಳು ಅವುಗಳ ಲಾಗಿನ್ ಅನ್ನು ಪಾಳಿಯಲ್ಲಿರುವವರಿಗೆ ಕೊಡಲು ಹಿಂಜರಿಯುತ್ತವೆ, ಮತ್ತು ಅದೇ ಜನ ಎರಡು ವರ್ಷ ಕಳೆದ ಮೇಲೂ ಪಟ್ಟಿ ನೋಡಿ ಫೋನು ಮಾಡುವವರಾಗಿಯೇ ಉಳಿಯುತ್ತಾರೆ.

ವಿದ್ಯಾನಗರದ ಕಾಲೇಜುಗಳಿಂದ ಇಂಟರ್ನ್‌ಶಿಪ್ ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ಆದ್ದರಿಂದ ನಾನು ಒಂದೇ ಅಭ್ಯಾಸ ಸೂಚಿಸುತ್ತೇನೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಮೂರು ಸಣ್ಣ ಸೇವೆಗಳನ್ನು ಬರೆಯಿರಿ, ಓಪನ್‌ಟೆಲಿಮೆಟ್ರಿ ಸೇರಿಸಿ, ಟ್ರೇಸುಗಳನ್ನು, ಅವನ್ನು ಪರದೆಯಲ್ಲಿ ತೋರಿಸುವ ಜೇಗರ್‌ಗೆ ಕಳುಹಿಸಿ. ಇವೆರಡೂ ಉಚಿತವಾಗಿ ಸಿಗುತ್ತವೆ. ಡೇಟಾಬೇಸ್ ಕನೆಕ್ಷನ್‌ಗಳ ಮಿತಿಯನ್ನು ಎರಡಕ್ಕೆ ಇಳಿಸಿ, ಐವತ್ತು ರಿಕ್ವೆಸ್ಟುಗಳನ್ನು ಒಟ್ಟಿಗೆ ಬಿಡಿ. ಆಮೇಲೆ ಕೋಡನ್ನು ಮುಚ್ಚಿಟ್ಟು, ಯಾವುದು ಏಕೆ ಕಾಯಿತು ಎಂಬುದನ್ನು ಟ್ರೇಸಿನಿಂದಲೇ ಸ್ನೇಹಿತನಿಗೆ ವಿವರಿಸಿ. ಆ ಖಾಲಿ ಜಾಗಕ್ಕೂ ಒಂದು ಪಟ್ಟಿ ಬರುವಂತೆ ಕನೆಕ್ಷನ್ ಕೇಳುವ ಕೋಡಿನ ಸಾಲಿನ ಸುತ್ತ ನೀವೇ ಒಂದು ಸ್ಪ್ಯಾನ್ (ಟ್ರೇಸಿನಲ್ಲಿ ಒಂದು ಪಟ್ಟಿಯಾಗಿ ಕಾಣುವ ದಾಖಲೆ) ಬರೆದು, ಮತ್ತೆ ಓಡಿಸಿ ನೋಡಿ.