ಮೋಡದಾಚೆಯ ಚಂದ್ರನಿಗೆ ಅರ್ಘ್ಯ

ಕೃಷ್ಣ ಜನ್ಮಾಷ್ಟಮಿಯ ರಾತ್ರಿ ನಮ್ಮ ಮನೆಯಲ್ಲಿ ನನ್ನ ಕೆಲಸ ಒಂದೇ: ಕೊಡೆ ಹಿಡಿಯುವುದು. ಹಗಲೆಲ್ಲ ಉಪವಾಸವಿದ್ದ ಅಮ್ಮ ಮತ್ತೊಮ್ಮೆ ಮಿಂದು, ಪೂಜೆ ಮುಗಿಸಿ, ಶಂಖ ಹಿಡಿದು ಅಂಗಳದ ತುಳಸಿಕಟ್ಟೆ ಹತ್ತಿರ ಬರುತ್ತಾರೆ. ಉಡುಪಿಯಲ್ಲಿ ನಮ್ಮದು ಸೌರಮಾನದ ಲೆಕ್ಕ. 2025ರಲ್ಲಿ ಬೇರೆ ಹಲವು ಕಡೆ ಆಗಸ್ಟ್‌ನಲ್ಲೇ ಹಬ್ಬ ಮುಗಿದಿತ್ತು. ನಮಗೆ ಸೆಪ್ಟೆಂಬರ್ 14ಕ್ಕೆ. ಆದರೂ ತುಳುವರ ಸೋಣ ತಿಂಗಳ ಮಳೆ ಬಿಡಬೇಕಲ್ಲ.

ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ಹುಟ್ಟುವುದೇ ನಡುರಾತ್ರಿಯ ಹೊತ್ತಿಗೆ. ಚಿಕ್ಕವನಿದ್ದಾಗ ಒಮ್ಮೆ ಕೇಳಿದ್ದೆ, "ಅಮ್ಮಾ, ಚಂದ್ರ ಎಲ್ಲಿ? ಬರೀ ಮೋಡ."

"ಪಂಚಾಂಗದಲ್ಲಿ ಬಂದಾಯ್ತು. ನೀನು ಕೊಡೆ ಸರಿ ಹಿಡಿ."

ಅಮ್ಮ ಹೇಳುವ ಅರ್ಘ್ಯಮಂತ್ರದಲ್ಲಿ ಚಂದ್ರನಿಗೆ ಎರಡು ವಿಶೇಷಣ: ಕ್ಷೀರಸಾಗರದಲ್ಲಿ ಹುಟ್ಟಿದವನೇ, ಅತ್ರಿಯ ಕಣ್ಣಿನಿಂದ ಬಂದವನೇ. ಒಬ್ಬನಿಗೇ ಎರಡು ಹುಟ್ಟು, ಎರಡರಲ್ಲೂ ತಾಯಿಯ ಬಸಿರಿಲ್ಲ. ಪುರಾಣಗಳಿಗೆ ಇದೇನು ಹೊಸದಲ್ಲ. ನರಸಿಂಹ ಕಂಬ ಸೀಳಿ ಬಂದ, ರಾಮ ಪಾಯಸದಲ್ಲಿ ಬಂದ, ದೇವಕಿಯ ಏಳನೆಯ ಗರ್ಭವನ್ನು ಯೋಗಮಾಯೆ ಗೋಕುಲದ ರೋಹಿಣಿಗೆ ಸಾಗಿಸಿದಳು, ಬಲರಾಮ ಹುಟ್ಟಿದ.

ಎಂಟನೆಯವನಾದ ಕೃಷ್ಣನ ವಿಷಯ ಬೇರೆ. ಭಾಗವತದ ದಶಮಸ್ಕಂಧದಲ್ಲಿ ಭಗವಂತ ಮೊದಲು ಹೊಗುವುದು ವಸುದೇವನ ಮನಸ್ಸನ್ನು. ಅಲ್ಲಿಂದ ದೇವಕಿ ಅವನನ್ನು ಮನಸ್ಸಿನಲ್ಲೇ ಧರಿಸುತ್ತಾಳೆ, ಮೂಡು ದಿಕ್ಕು ಚಂದ್ರನನ್ನು ಧರಿಸಿದ ಹಾಗೆ. ಸೆರೆಮನೆಯ ಆ ರಾತ್ರಿಗೂ ಮತ್ತದೇ ಹೋಲಿಕೆ: ಮೂಡಣದಲ್ಲಿ ತುಂಬುಚಂದ್ರನಂತೆ ಪ್ರಕಟನಾದ. ಆಕಾಶದಲ್ಲಿ ಇರುವುದು ಅರೆಚಂದ್ರ, ಶ್ಲೋಕದಲ್ಲಿ ಪೂರ್ಣಚಂದ್ರ! ಆ ಹೋಲಿಕೆಯ ಸಾಲಿನಲ್ಲಿ 'ಹುಟ್ಟಿದ' ಎನ್ನುವ ಮಾತಿಲ್ಲ. 'ಆವಿರಾಸೀತ್', ಕಾಣಿಸಿಕೊಂಡ, ಅಷ್ಟೆ. ನಾಲ್ಕು ಕೈ, ಶಂಖ, ಚಕ್ರ, ಪೀತಾಂಬರ. ದೇವಕಿಯೋ, ಕಂಸ ನೋಡಿಬಿಟ್ಟಾನು, ಈ ರೂಪ ಅಡಗಿಸಿಕೋ ಎಂದು ಅಂಗಲಾಚುತ್ತಾಳೆ. ದೇವರನ್ನೇ ಕಂಡರೂ ಮಗುವಿನ ಜೀವಕ್ಕೆ ಹೆದರುವ ಈ ತಾಯಿ ನನಗೆ ಎಲ್ಲ ಪವಾಡಕ್ಕಿಂತ ಹತ್ತಿರ.

ಊರಿನ ಹೆಸರಿನಲ್ಲೂ ಚಂದ್ರನೇ ಇದ್ದಾನೆ. ಉಡು ಎಂದರೆ ನಕ್ಷತ್ರ, ಉಡುಪ ಅವುಗಳ ಒಡೆಯ. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯನ್ನೇ ಹೆಚ್ಚು ಮುದ್ದಿಸಿ ದಕ್ಷನ ಶಾಪಕ್ಕೆ ಸಿಕ್ಕ ಚಂದ್ರ, ಇಲ್ಲಿ ಶಿವನನ್ನು ಕುರಿತು ತಪಸ್ಸು ಮಾಡಿದನೆನ್ನುತ್ತದೆ ಸ್ಥಳಪುರಾಣ. ಕೃಷ್ಣಮಠದ ರಥಬೀದಿಯ ಬಳಿಯ ಚಂದ್ರಮೌಳೀಶ್ವರ ಅದರ ಗುರುತು. ಕೃಷ್ಣ ಬಂದದ್ದು ಅದೇ ರೋಹಿಣಿ ನಕ್ಷತ್ರದಲ್ಲಿ, ಅದೇ ಚಂದ್ರನ ವಂಶದಲ್ಲಿ. ಅರ್ಘ್ಯಮಂತ್ರವೂ ಚಂದ್ರನೊಬ್ಬನನ್ನೇ ಕರೆಯುವುದಿಲ್ಲ, ರೋಹಿಣಿಯ ಜೊತೆಗೆ ಅರ್ಘ್ಯ ತೆಗೆದುಕೋ ಎನ್ನುತ್ತದೆ. ಶಾಪ ತಂದ ಪ್ರೀತಿಗೂ ಮರ್ಯಾದೆ ಉಂಟು ನೋಡಿ.

ಮರುದಿನ ವಿಟ್ಲಪಿಂಡಿ, ಮೊಸರುಕುಡಿಕೆಯ ಹಬ್ಬ. ಎಲೆಯಲ್ಲಿ ಬೇಯಿಸಿದ ಮೂಡೆ ಕಡುಬು ತಿಂದು ಹೊರಟರೆ ರಥಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ತಾಸೆ ಎಂಬ ಚರ್ಮವಾದ್ಯದ ಬಡಿತಕ್ಕೆ ಹುಲಿವೇಷ ಕುಣಿಯುತ್ತದೆ, ಗುರ್ಜಿ ಎಂಬ ಮರದ ಚೌಕಟ್ಟಿಗೆ ಕಟ್ಟಿದ ಮೊಸರುಕುಡಿಕೆ ಒಡೆದು ತಲೆ ಮೇಲೆ ಬೀಳುತ್ತದೆ, ಉಂಡೆ-ಚಕ್ಕುಲಿ ಪ್ರಸಾದಕ್ಕೆ ಕೈಗಳು ಚಾಚುತ್ತವೆ. ಕಡೆಗೋಲು ಹಿಡಿದ ಶಿಲೆಯ ಕೃಷ್ಣ ಮಠದ ಒಳಗೇ ನಿಂತಿರುತ್ತಾನೆ. ಚಿನ್ನದ ರಥ ಏರುವವನು ಮಣ್ಣಿನ ಕೃಷ್ಣ. ಸುತ್ತು ಮುಗಿಸಿ ಅವನು ಮಧ್ವಸರೋವರಕ್ಕೆ ಇಳಿಯುತ್ತಾನೆ. ನೀರು ಒಂದು ಗಳಿಗೆ ಕಲಕುತ್ತದೆ. ಅಷ್ಟರಲ್ಲಿ ಮತ್ತೆ ಮಳೆ, ಅಮ್ಮ ಚಕ್ಕುಲಿಯ ಪೊಟ್ಟಣವನ್ನು ಸೆರಗಿನಡಿ ಹಿಡಿದು ನನ್ನ ಕಡೆ ತಿರುಗುತ್ತಾರೆ, "ಕೊಡೆ ಎಲ್ಲಿ?"